ಹಿತ್ತಲ ಮರುಭೂಮಿ



ಅಮೆರಿಕದಲ್ಲಿ ಏಳು ತಿಂಗಳು ಇದ್ದು ಬಂದವನೆಂಬ ಕಾರಣದಿಂದ, ಪ್ರವಾಸವನ್ನು ಕುರಿತು ಒಂದು ಭಾಷಣ ಮಾಡಬೇಕೆಂದು ಬಾನುಲಿ ನಿಲಯದವರು ನನ್ನನ್ನು ಕೇಳಿಕೊಂಡಾಗ, ಅವರ ಮನಸ್ಸಿನಲ್ಲಿ ನಯಾಗರದ ಜಲಪಾತವೋ ನ್ಯೂಯಾರ್ಕಿನ ಗಗನಚುಂಬಿ ಸೌಧಗಳೋ ಇದ್ದಿರಬೇಕು. ನಾನಾದರೋ ಆ ಏಳು ತಿಂಗಳಲ್ಲಿ ನೋಡಿದ್ದು, ಮಗನ ಮನೆಯ ಹಿತ್ತಲ ಬಾಗಿಲಿನಿಂದ ಹೊರಟು, ಬಿಸಿಲೇರುವುದರೊಳಗೆ ಮರಳಿ ಬರಬಹುದಾದಂಥ ಕೆಲವು ಕಾಲುದಾರಿಗಳನ್ನು ಮಾತ್ರ. ಇದನ್ನು ಮುಚ್ಚುಮರೆಯಿಲ್ಲದೆ ಅವರಿಗೆ ತಿಳಿಸಿದೆ; ಅದನ್ನೇ ಹೇಳಿ ಎಂದರು. ಆದ್ದರಿಂದ ಮುಂದಿನ ಹದಿನೈದು ನಿಮಿಷಗಳಲ್ಲಿ ಜಗದ್ವಿಖ್ಯಾತವಾದದ್ದು ಯಾವುದೂ ನಿಮಗೆ ದೊರೆಯದೆಂಬುದನ್ನು ಮೊದಲೇ ನಿವೇದಿಸಿಕೊಂಡರೆ ನನ್ನ ಹೊರೆ ಅಷ್ಟಿಷ್ಟು ಇಳಿದೀತು.

2020ನೆಯ ಇಸವಿಯ ಜನವರಿಯಲ್ಲಿ ನಾನೂ ನನ್ನಾಕೆಯೂ ಅರಿಜೋನಾ ಸಂಸ್ಥಾನದ ಟೂಸಾನ್ ನಗರವನ್ನು ಸೇರಿದೆವು. ಮಗ ಅಲ್ಲಿ ಇಂಜಿನಿಯರು. ಸೊಸೆಗೆ ಒಂದು ಪ್ರಯೋಗಾಲಯದಲ್ಲಿ ಕೆಲಸ. ಒಂಬತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. ಮಾರ್ಚ್ ತಿಂಗಳ ಕೊನೆಯಲ್ಲಿ ಎಲ್ಲರೂ ಕೂಡಿ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವನ್ನು ನೋಡಿ ಬರುವುದು, ಏಪ್ರಿಲ್ 2ರಂದು ನಾವಿಬ್ಬರೂ ಸ್ವದೇಶಕ್ಕೆ ಹಿಂದಿರುಗುವುದು, ಇದು ನಮ್ಮ ಏರ್ಪಾಡು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೊನಾ ರೋಗವನ್ನು ಜಗದ್ವ್ಯಾಪಿಯಾದ ಸಾಂಕ್ರಾಮಿಕವೆಂದು ಸಾರಿತು. 22ರಿಂದ ಭಾರತಕ್ಕೆ ಹೊರನಾಡುಗಳ ವಿಮಾನಗಳು ನಿಂತುಹೋದವು. ತಿಂಗಳ ಕೊನೆಯ ದಿನ, ಜನರು ಮನೆಯಲ್ಲಿಯೇ ಇರತಕ್ಕದ್ದೆಂಬ ಗವರ್ನರರ ಆಜ್ಞೆ ಅರಿಜೋನಾದಲ್ಲಿ ಜಾರಿಗೆ ಬಂದಿತು. ಅದರ ಮರುದಿನ ಗ್ರ್ಯಾಂಡ್ ಕ್ಯಾನ್ಯನ್ನನ್ನೂ ಮುಚ್ಚಿಬಿಟ್ಟರು. ಲಕ್ಷಾಂತರ ವರ್ಷಗಳಿಂದ ಆಕಾಶಕ್ಕೆ ಬಾಯ್ದೆರೆದು ಬಿದ್ದಿರುವ ಕಂದರಕ್ಕೂ ಒಂದು ಬಾಗಿಲುಂಟೆಂಬುದು ನನಗೆ ತಿಳಿದದ್ದು ಅಂದೇ.

ಹೀಗೆ ಬಿಡುವು ಒದಗಿತು. ಆ ಕಾಲವನ್ನು ಬಿಡುವೆಂದು ಕರೆಯಲು ನಾಲಗೆ ಅಳುಕುತ್ತದೆ. ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯನೊಬ್ಬ ಆ ಬೇಸಗೆಯಲ್ಲಿ ತೀರಿಕೊಂಡ. ಅವನ ಸಂಸ್ಕಾರಕ್ಕೆ ನಾಲ್ಕು ಜನ ನೆರೆಯಲಿಲ್ಲವೆಂಬ ಸುದ್ದಿಯನ್ನು ಹನ್ನೆರಡೂವರೆ ಗಂಟೆಗಳ ಕಾಲಭೇದದ ಆಚೆಯಿಂದ ನಾನು ದೂರವಾಣಿಯಲ್ಲಿ ಕೇಳಿದೆ. ಅನ್ನ ತಪ್ಪದೆ, ಕೆಲಸ ಹೋಗದೆ, ಮೈಯಲ್ಲಿ ಜ್ವರವಿಲ್ಲದೆ, ಮೊಮ್ಮಕ್ಕಳ ಕೈಹಿಡಿದು ಬೆಟ್ಟದ ತಪ್ಪಲಿನಲ್ಲಿ ಅಡ್ಡಾಡಿದವರ ಮಾತಿದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಕೇಳಬೇಕೆಂದು ಪ್ರಾರ್ಥನೆ.

ಗವರ್ನರರ ಆಜ್ಞೆಯಲ್ಲಿ ಒಂದು ಕಿಂಡಿ ಇತ್ತು. ಪರರಿಂದ ಅಂತರವನ್ನು ಕಾಪಾಡಿಕೊಂಡು ಬಯಲಿನಲ್ಲಿ ನಡೆದಾಡುವುದಕ್ಕೆ ಅಡ್ಡಿಯಿರಲಿಲ್ಲ. ಮಗನ ಮನೆ ಊರಿನ ಪಶ್ಚಿಮದಲ್ಲಿ, ಟೂಸಾನ್ ಬೆಟ್ಟಗಳ ಬುಡದಲ್ಲಿ. ಹಿತ್ತಲ ಗೋಡೆಯಲ್ಲೊಂದು ಕಬ್ಬಿಣದ ಬಾಗಿಲು, ಅದರಾಚೆ ಒಂದು ಒಣಹಳ್ಳ, ಹಳ್ಳದಾಚೆ ಮರುಭೂಮಿ. ಆ ಬಾಗಿಲ ಬೀಗದ ಕೈ ಎಲ್ಲಿದೆಯೆಂದು ಕೇಳಿದರೆ ಮಗನಿಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ! ಏಳು ವರ್ಷ ಅದೇ ಮನೆಯಲ್ಲಿದ್ದವರು ಒಮ್ಮೆಯೂ ಆ ಬಾಗಿಲನ್ನು ತೆರೆದಿರಲಿಲ್ಲ. “ಅಲ್ಲೇನಿದೆಯಪ್ಪಾ, ಬರೀ ಕಳ್ಳಿ” ಎಂದ ಮಗ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮೂವತ್ತೆರಡು ವರ್ಷ ಪ್ರೌಢಶಾಲೆಯ ಹುಡುಗರಿಗೆ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟವನು ನಾನು. ಮಗನಿಗೆ ಅದನ್ನು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ಏಕೆಂದರೆ ನಾನು ಹುಟ್ಟಿ ಬೆಳೆದು ಉದ್ಯೋಗ ಮಾಡಿ ನಿವೃತ್ತನಾದದ್ದು ಚಳ್ಳಕೆರೆಯ ಸೀಮೆಯಲ್ಲಿ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ, ಕೃಷ್ಣಮೃಗಗಳು ಮೇಯುತ್ತಿದ್ದ ವಿಸ್ತಾರವಾದ ಕಾವಲು ನಮ್ಮ ಮಗ್ಗುಲಲ್ಲಿಯೇ ಇದ್ದಿತು. ಅದರ ನಡುವಿನಿಂದ ಬಸ್ಸಿನಲ್ಲಿ ನೂರಾರು ಸಲ ಹೋಗಿದ್ದೇನೆ, ಇಳಿದು ನೂರು ಹೆಜ್ಜೆ ನಡೆದದ್ದಿಲ್ಲ. ಈಗ ಆ ಕಾವಲಿನ ಒಂದಷ್ಟು ಭಾಗಕ್ಕೆ ಗೋಡೆ ಬಂದಿದೆ.

ಬೀಗವನ್ನು ಒಡೆಸಿ ಬಾಗಿಲು ತೆರೆದೆವು. ಮರುಭೂಮಿಯೆಂಬ ಮಾತಿನಲ್ಲಿರುವ ‘ಮರು’ವು ಸಾವನ್ನು ಸೂಚಿಸುವ ಧಾತುವಿನಿಂದ ಬಂದುದೆಂದು ಪಂಡಿತರು ಹೇಳುವರು, ಆ ಶಬ್ದವನ್ನು ಹಿಡಿದುಕೊಂಡು ಸೊನೋರಾ ಮರುಭೂಮಿಗೆ ಕಾಲಿಟ್ಟವನಿಗೆ ಮೊದಲ ಹೆಜ್ಜೆಯಲ್ಲಿಯೇ ನಿಘಂಟನ್ನು ತಿದ್ದಬೇಕಾಗುತ್ತದೆ. ಮರಳಿನ ದಿಣ್ಣೆ, ಒಂಟೆಯ ಸಾಲು, ಖರ್ಜೂರದ ನೆರಳು, ಇವೊಂದೂ ಅಲ್ಲಿಲ್ಲ. ವರ್ಷಕ್ಕೆ ಸುಮಾರು ಹನ್ನೊಂದು ಅಂಗುಲ ಮಳೆ ಬೀಳುವ ನೆಲ. ಆ ಹನ್ನೊಂದು ಅಂಗುಲವೂ ಒಮ್ಮೆಗೇ ಬೀಳದೆ, ಚಳಿಗಾಲದಲ್ಲಿ ಸಾಧುವಾಗಿ ಒಂದಿಷ್ಟು, ಬೇಸಗೆಯ ಕೊನೆಯಲ್ಲಿ ಗುಡುಗು ಮಿಂಚುಗಳ ಆರ್ಭಟದೊಡನೆ ಒಂದಿಷ್ಟು, ಹೀಗೆ ಎರಡು ಕಂತಿನಲ್ಲಿ ಬರುವುದರಿಂದ, ಅದನ್ನೇ ನಂಬಿ ಬದುಕುವ ಗಿಡಗಂಟಿಗಳ ಸಮೃದ್ಧಿಯನ್ನು ಕಂಡು ನಮ್ಮ ಹಿರಿಯೂರು ಚಳ್ಳಕೆರೆಗಳ ಕುರುಚಲು ಕಾಡು ಕಣ್ಣೆದುರಿಗೆ ಬಂದಿತು. ಪಾಲೋವರ್ದೆ ಎಂಬ ಮರಕ್ಕೆ ಎಲೆ ಹೆಸರಿಗಷ್ಟೆ. ಕಾಂಡವೂ ಕೊಂಬೆಯೂ ಹಸಿರಾಗಿದ್ದು, ಎಲೆ ಮಾಡಬೇಕಾದ ಅಡುಗೆಯನ್ನು ತೊಗಟೆಯೇ ಮಾಡುತ್ತದೆ. ಏಪ್ರಿಲಿನಲ್ಲಿ ಅದು ಹೂವಾದಾಗ ಬೆಟ್ಟದ ತಪ್ಪಲೆಲ್ಲ ಅರಿಸಿನ ಚೆಲ್ಲಿದಂತಾಯಿತು.

ಹಳ್ಳ ದಾಟಿ ಐವತ್ತು ಹೆಜ್ಜೆ ಹೋಗಿರಬೇಕು, ನನ್ನಾಕೆ ನಿಂತುಬಿಟ್ಟಳು. “ಇದು ನಮ್ಮದಲ್ಲವೆ?” ಎಂದಳು. ನೋಡಿದರೆ ಪಾಪಾಸುಕಳ್ಳಿ! ಪಾಪಾಸೆಂದರೆ ಕಾಲಿಗೆ ತೊಡುವ ಜೋಡು, ಪಾರಸೀ ಭಾಷೆಯಿಂದ ನಮ್ಮಲ್ಲಿಗೆ ಬಂದ ಮಾತು. ಅಂಗಾಲಿನ ಅಟ್ಟೆಯಂತಿರುವ ಹೋಳುಗಳನ್ನು ಒಂದರ ಮೇಲೊಂದು ಹೊಲಿದಂತೆ ಬೆಳೆಯುವ ಈ ಕಳ್ಳಿಗೆ ಆ ಹೆಸರಿಟ್ಟವನು ಯಾರೋ, ರಸಿಕನಿರಬೇಕು. ಚಳ್ಳಕೆರೆಯ ನಮ್ಮ ಹಿತ್ತಲಿಗೆ ಇದರದ್ದೇ ಬೇಲಿ. ಕಂಬಳಿಗೆ ಹೆಸರಾದ ಊರು. ಕುರಿಗಳ ಕಾಟ ವಿಪರೀತ. ಬೇಲಿಯಲ್ಲಿ ಒಂದು ಗೇಣು ಸಂದಾದರೆ ಸಾಕು, ನನ್ನಾಕೆ ಸಾಕಿದ ಕನಕಾಂಬರದ ಸಾಲು ಬೆಳಗಾಗುವುದರೊಳಗೆ ಯಾರದೋ ಮಂದೆಯ ಹೊಟ್ಟೆ ಸೇರುತ್ತಿತ್ತು. ಚಿಕ್ಕಂದಿನಲ್ಲಿ ಅದರ ಹಣ್ಣು ತಿಂದು ತುಟಿ ಕೆಂಪಗೆ ಮಾಡಿಕೊಂಡು, ಸುಂಕಿನಂಥ ಮುಳ್ಳು ನಾಲಗೆಗೆ ಚುಚ್ಚಿಸಿಕೊಂಡು, ತಾಯಿಯ ಕೈಲಿ ಬೈಸಿಕೊಂಡವನು ನಾನು. ಅದನ್ನು ನಮ್ಮ ಮಣ್ಣಿನ ಮಗಳೆಂದೇ ತಿಳಿದಿದ್ದೆ. ಆದರೆ ಸೊಸೆ ಗ್ರಂಥಗಳನ್ನು ನೋಡಿ ಹೇಳಿದ ಸಂಗತಿಯಿದು: ಪಾಪಾಸುಕಳ್ಳಿಯ ಕುಲವೆಲ್ಲ ಅಮೆರಿಕದ್ದು, ಕೆಂಪು ಬಣ್ಣ ಕೊಡುವ ಕೊಚಿನೀಲ್ ಎಂಬ ಹುಳುವನ್ನು ಸಾಕುವ ಆಸೆಯಿಂದಲೂ ಬೇಲಿಯ ನೆಪದಿಂದಲೂ ಪರದೇಶದವರು ಅದನ್ನು ಕಡಲು ದಾಟಿಸಿ ಇಂಡಿಯಕ್ಕೆ ತಂದದ್ದು. ಮುರಿದರೆ ಹಾಲು ಸುರಿಸುವ ನಮ್ಮ ಬೊಂತೆಗಳ್ಳಿ ಜಡೆಗಳ್ಳಿಗಳದ್ದು ಬೇರೆಯೇ ಕುಲ. ಕನ್ನಡವು ಎರಡನ್ನೂ ಕಳ್ಳಿಯೆಂದೇ ಕರೆದು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಹೀಗೆ ಎಪ್ಪತ್ತು ವರ್ಷ ನಮ್ಮ ಹಿತ್ತಲು ಕಾದ ಗಿಡವನ್ನು ನಾವು ಅದರ ತೌರುಮನೆಯಲ್ಲಿ ಕಂಡಂತಾಯಿತು. ಅಲ್ಲಿಯವರು ಅದರ ಎಳೆಯ ಹೋಳುಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ನನ್ನಾಕೆ ಮುಳ್ಳು ಹೆರೆದು ಪಲ್ಯ ಮಾಡಿದಳು. ಬೆಂಡೆಯ ಹಾಗೆ ಲೋಳೆ, ತುಸು ಹುಳಿ. ಮಕ್ಕಳು ಮುಟ್ಟಲಿಲ್ಲ.

ಇನ್ನು ಆ ನಾಡಿನ ಸಾರ್ವಭೌಮನ ಮಾತು. ಬರೆಯುವಾಗ ‘ಸಗುವಾರೋ’ ಎಂಬಂತೆ ಕಾಣುವ ಅದರ ಹೆಸರನ್ನು ಅಲ್ಲಿಯವರು ‘ಸವಾರೋ’ ಎಂದು ನುಡಿಯುತ್ತಾರೆ. ಕನ್ನಡದ ಕಿವಿಗೆ ಅದು ಸವಾರನೇ ಆಯಿತು. “ತಾತಾ, ಕುದುರೆ ಎಲ್ಲಿ?” ಎಂದು ಮೊಮ್ಮಗ ಕೇಳಿದ. ನಲವತ್ತು ಐವತ್ತು ಅಡಿ ಎತ್ತರಕ್ಕೆ ಕಂಬದಂತೆ ನೆಟ್ಟಗೆ ನಿಂತು, ಎರಡೋ ನಾಲ್ಕೋ ತೋಳುಗಳನ್ನು ಮೇಲಕ್ಕೆತ್ತಿ, ಮೈತುಂಬ ಸೀರೆಯ ನಿರಿಗೆಗಳಂಥ ಏಣುಗಳನ್ನು ತಾಳಿ, ಮಳೆ ಬಂದಾಗ ನಿರಿಗೆ ಬಿಚ್ಚಿ ನೀರು ತುಂಬಿಕೊಂಡು, ಬರ ಬಂದಾಗ ನಿರಿಗೆ ಮಡಿಸಿ ಸಣ್ಣಗಾಗಿ, ನೂರೈವತ್ತು ವರ್ಷಗಳಿಗೂ ಮೀರಿ ಬಾಳಬಲ್ಲ ಈ ಮಹಾಕಳ್ಳಿಯ ತೂಕ ಆರು ಟನ್ನುಗಳನ್ನೂ ಮುಟ್ಟುವುದುಂಟು. ಹುಟ್ಟಿದ ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದು ಅಂಗುಲ, ಬಹಳವಾದರೆ ಒಂದೂವರೆ. ಮೊದಲ ಹೂ ಬಿಡುವಾಗ ಮೂವತ್ತೈದು ವರ್ಷ. ಮೊದಲ ತೋಳು ಮೂಡುವಾಗ ಐವತ್ತೋ ಎಪ್ಪತ್ತೋ, ಒಣಭಾಗದಲ್ಲಾದರೆ ನೂರೂ ಆದೀತು. ಈ ಲೆಕ್ಕವನ್ನು ಕೇಳಿದ ಮೊಮ್ಮಗಳು ಒಂದು ಪಾಲೋವರ್ದೆಯ ಬುಡದಲ್ಲಿ ಹುಲ್ಲು ಸರಿಸಿ ಹುಡುಕಿ, ಬೆರಳ ತುದಿಯಷ್ಟಿದ್ದ ಒಂದು ಸವಾರೋ ಮರಿಯನ್ನು ಪತ್ತೆಹಚ್ಚಿ, ತನ್ನ ವಯಸ್ಸಿನದೇ ಇದು ಎಂದು ತೀರ್ಮಾನಿಸಿದಳು. ಮರಿ ಸಾಮಾನ್ಯವಾಗಿ ಹೀಗೆ ಮತ್ತೊಂದು ಮರದ ಮಡಿಲಿನಲ್ಲಿಯೇ ಇರತಕ್ಕದ್ದು. ಬಯಲಿನಲ್ಲಿ ಬಿದ್ದ ಬೀಜವನ್ನು ಬಿಸಿಲೋ ಇಲಿಯೋ ಉಳಿಯಗೊಡುವುದಿಲ್ಲ. ಅಲ್ಲಿಂದ ಮುಂದೆ ದಿನವೂ ನಮ್ಮ ನಡಿಗೆಗೆ ಅಲ್ಲೊಂದು ನಿಲ್ದಾಣವಾಯಿತು. ನಾಲ್ಕು ತಿಂಗಳು ಅದನ್ನು ಅಳತೆಪಟ್ಟಿಯಿಂದ ಅಳೆದಳು. ಬೆಳೆದದ್ದು ಕಾಣಲಿಲ್ಲ.

ಸವಾರೋಗಳ ಈ ಅರಣ್ಯವನ್ನು 1933ರಲ್ಲಿ ರಾಷ್ಟ್ರೀಯ ಸ್ಮಾರಕವೆಂದೂ 1994ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಘೋಷಿಸಿದ್ದಾರೆ. ನಗರದ ಪೂರ್ವಕ್ಕೊಂದು ಪಶ್ಚಿಮಕ್ಕೊಂದು, ಎರಡು ಭಾಗ. ಪಶ್ಚಿಮದ ಭಾಗ ನಮಗೆ ಕೂಗಳತೆಯಲ್ಲಿತ್ತು.

ಮರುಭೂಮಿ ನನಗೆ ದೀಕ್ಷೆ ಕೊಟ್ಟದ್ದು ಏಪ್ರಿಲ್ ನಡುವಿನಲ್ಲಿ. ಮಗ ಕೊಡಿಸಿದ ಬೂಟು ಕಾಲಿಗಿದ್ದರೂ ಪಂಚೆಯನ್ನು ಬಿಡಲೊಲ್ಲದವನು ನಾನು. ಚೋಯಾ ಎಂಬುದೊಂದು ಕಳ್ಳಿ. ದೂರದಿಂದ ನೋಡಿದರೆ ಮುದ್ದು ಬರುವಂತೆ ಬೆಳ್ಳಗೆ ನವಿರಾಗಿ ಹೊಳೆಯುತ್ತದೆ. ಹತ್ತಿರ ಹೋದರೆ ಹಾರಿ ಬಂದು ಅಂಟಿಕೊಳ್ಳುತ್ತದೆಂದು ಅಲ್ಲಿಯವರು ಹೇಳುವರು. ಹಾರುವುದೆಲ್ಲ ಸುಳ್ಳು, ಅದರ ಗೆಣ್ಣುಗಳು ಅಷ್ಟು ಸಡಿಲ, ಮುಳ್ಳಿನ ತುದಿಯ ಕೊಕ್ಕೆಗಳು ಅಷ್ಟು ಚೂಪು, ಸೋಕಿದರೆ ಸಾಕು ತುಂಡು ಕಳಚಿ ಬರುತ್ತದೆ. ಆದರೆ ನನ್ನ ಪಂಚೆಯ ಅಂಚಿಗೆ ಒಂದು, ಮೀನಖಂಡಕ್ಕೆ ಒಂದು, ಅದನ್ನು ಕೀಳಹೋದ ಅಂಗೈಗೆ ಒಂದು, ಹೀಗೆ ಮೂರು ತುಂಡುಗಳು ಹತ್ತಿಕೊಂಡ ಆ ಗಳಿಗೆಯಲ್ಲಿ ಹಾರುತ್ತದೆಂಬ ಮಾತನ್ನೇ ನಾನು ನಂಬಿದೆ. ಮಗ ಇಂಟರ್‌ನೆಟ್ಟಿನಲ್ಲಿ ಹುಡುಕತೊಡಗಿದ. ಸೊಸೆ ಇಕ್ಕಳಕ್ಕೆಂದು ಮನೆಗೆ ಓಡಿದಳು. ನನ್ನಾಕೆ ಸೆರಗಿನ ಮರೆಯ ಚೀಲದಿಂದ ಬಾಚಣಿಗೆ ತೆಗೆದು, ಹೇನು ಬಾಚುವ ನಿಷ್ಠೆಯಿಂದ, ಮುಳ್ಳಿನ ಉಂಡೆಯ ಅಡಿಗೆ ಹಲ್ಲು ತೂರಿಸಿ ಒಂದೇ ಚಿಮ್ಮಿಗೆ ಎತ್ತಿ ಎಸೆದಳು. ಆಮೇಲೆ ತಿಳಿಯಿತು, ಆ ನಾಡಿನ ಚಾರಣಿಗರೆಲ್ಲರೂ ಚೋಯಾಕ್ಕೆಂದೇ ಬಾಚಣಿಗೆ ಒಯ್ಯುವರಂತೆ. ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಮರುದಿನದಿಂದ ನಾನು ಪ್ಯಾಂಟು ತೊಟ್ಟೆ.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಕಾರಿನಲ್ಲಿ ಸ್ವಲ್ಪ ದೂರ ಹೋಗಿ, ಸಿಗ್ನಲ್ ಹಿಲ್ ಎಂಬ ಗುಡ್ಡವನ್ನು ಹತ್ತಿದೆವು. ಗುಡ್ಡವೆನ್ನುವುದು ಗೌರವಕ್ಕೆ; ಚಿತ್ರದುರ್ಗದ ಕಡೆಯವರು ಅದನ್ನು ಬಂಡೆಯ ಕುಪ್ಪೆ ಎಂದಾರು. ಅದರ ನೆತ್ತಿಯ ಕಪ್ಪು ಬಂಡೆಗಳ ಮೇಲೆ, ಹೋಹೋಕಮ್ ಎಂದು ಈಗಿನವರು ಹೆಸರಿಟ್ಟಿರುವ ಪ್ರಾಚೀನ ಜನರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಬಿಡಿಸಿದ ಚಿತ್ರಗಳಿವೆ: ಕೋಡಿನ ಮೃಗಗಳು, ಮನುಷ್ಯಾಕೃತಿಗಳು, ಎಲ್ಲಕ್ಕೂ ಮಿಗಿಲಾಗಿ ಒಂದು ದೊಡ್ಡ ಸುರುಳಿ. ಮರುಭೂಮಿಯಲ್ಲಿ ಕಾಲುವೆ ತೋಡಿ ಮೆಕ್ಕೆಜೋಳ ಬೆಳೆದ ಜನ ಅವರು. ಸುರುಳಿಯ ಅರ್ಥವೇನೆಂದು ಮೊಮ್ಮಗಳು ಕೇಳಿದಳು. ಮೂವತ್ತೆರಡು ವರ್ಷ ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿದ ಅಭ್ಯಾಸವೊಂದು ಉಪಾಧ್ಯಾಯನಿಗೆ ಇರುತ್ತದಷ್ಟೆ; ಸೂರ್ಯನೆಂದೋ ಕಾಲಚಕ್ರವೆಂದೋ ಹೇಳಿಬಿಡಬಹುದಾಗಿತ್ತು. ಗೊತ್ತಿಲ್ಲ ಮಗೂ ಎಂದೆ. ಅವಳು ಅದರ ಎದುರಿಗೆ ಕುಳಿತು, ಗಾಳಿಯಲ್ಲಿಯೇ ಬೆರಳಾಡಿಸಿ, ಒಳಗಿನಿಂದ ಹೊರಕ್ಕೆ ನಾಲ್ಕು ಸಲ ಸುತ್ತಿದಳು.

ಅಷ್ಟರಲ್ಲಿ ಸವಾರೋ ಹೂಬಿಟ್ಟಿತು. ತೋಳಿನ ತುದಿಗೆ ಕಿರೀಟವಿಟ್ಟಂತೆ ಮೇಣದ ಬಿಳುಪಿನ ಹೂಗಳು. ರಾತ್ರಿ ಅರಳಿ ಮಾರನೆಯ ಮಧ್ಯಾಹ್ನಕ್ಕೆ ಮುಚ್ಚಿಹೋಗುವಂಥವು. ಇರುಳಿನಲ್ಲಿ ಮೆಕ್ಸಿಕೋದ ಕಡೆಯಿಂದ ವಲಸೆ ಬಂದ ಬಾವಲಿಗಳೂ ಹಗಲಿನಲ್ಲಿ ಜೇನುಗಳೂ ಬಿಳಿರೆಕ್ಕೆಯ ಪಾರಿವಾಳಗಳೂ ಅದರ ಅತಿಥಿಗಳು. ಜೂನಿನಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿದ ಮೇಲೆ ನಾವು ಸೂರ್ಯನಿಗಿಂತ ಮೊದಲೇ ಎದ್ದು, ತಲಾ ಎರಡು ಸೀಸೆ ನೀರು ಹೊತ್ತು, ಏಳು ಗಂಟೆಯೊಳಗೆ ಮನೆ ಸೇರುವುದನ್ನು ರೂಢಿ ಮಾಡಿಕೊಂಡೆವು. ಬಾಲದಲ್ಲಿ ಗಿಲಕಿ ಕಟ್ಟಿಕೊಂಡ ಹಾವೊಂದು ಒಮ್ಮೆ ದಾರಿಗಡ್ಡವಾಗಿ ಮಲಗಿತ್ತು; ಸದ್ದು ಮಾಡಿ ಎಚ್ಚರಿಸಿತು; ನಾವು ಕೈಮುಗಿದು ಹಿಂದಿರುಗಿದೆವು. ಜೂನ್ 5ರಂದು ಉತ್ತರದ ಸಾಂತಾ ಕ್ಯಾಟಲೀನಾ ಪರ್ವತಗಳಿಗೆ ಸಿಡಿಲಿನಿಂದ ಹತ್ತಿದ ಕಿಚ್ಚು ಜುಲೈ ಮುಗಿಯುತ್ತ ಬರುವವರೆಗೆ ಉರಿದು, ಸುಮಾರು 1,20,000 ಎಕರೆಗಳನ್ನು ನುಂಗಿತು. ರಾತ್ರಿ ಮಹಡಿಯಿಂದ ನೋಡಿದರೆ ಬೆಟ್ಟದ ಮೈಮೇಲೆ ಕೆಂಡದ ಸರ. ಮುಖಕ್ಕೆ ಕಟ್ಟಿದ ಬಟ್ಟೆ ಆಗ ಎರಡು ಕೆಲಸಕ್ಕೆ ಬಂದಿತು.

ಮಳೆಯೊಂದೇ ಎಲ್ಲರ ಬಾಯಲ್ಲಿ. ಸವಾರೋದ ಹಣ್ಣು ಮಾಗುವುದು ಮಳೆಗೆ ಸ್ವಲ್ಪ ಮುಂಚೆ. ಆ ನೆಲದ ಮೂಲನಿವಾಸಿಗಳಾದ ತೊಹೊನೊ ಓಓದಮ್ ಜನರಿಗೆ ಅದೇ ಸಂವತ್ಸರದ ಆರಂಭ. ಸತ್ತ ಸವಾರೋದ ಒಳಗಿನ ಮರದೆಳೆಗಳಿಂದಲೇ ಮಾಡಿದ ಉದ್ದನೆಯ ದೋಟಿಯಿಂದ ಹಣ್ಣನ್ನು ಕೆಡವಿ, ಪಾಕ ಕಾಸಿ, ಒಂದಿಷ್ಟನ್ನು ಹುಳಿಸಿ, ಮೋಡವನ್ನು ಕರೆಯುವ ಹಬ್ಬದಲ್ಲಿ ಕುಡಿಯುತ್ತಾರೆ. ತಿರುಳು ತೆಗೆದ ಸಿಪ್ಪೆಯನ್ನು ಕೆಂಪು ಒಳಮೈ ಆಕಾಶಕ್ಕೆ ಕಾಣುವಂತೆ ನೆಲದ ಮೇಲಿಡುವುದು ಅವರ ಸಂಪ್ರದಾಯ. ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋದ ಬಾಲ್ಯವುಳ್ಳ ನನಗೆ ಇದಕ್ಕೆ ಭಾಷ್ಯ ಬೇಕಿರಲಿಲ್ಲ. ಹಕ್ಕಿಗಳು ತಿಂದು ಬೀಳಿಸಿದ ಸಿಪ್ಪೆಗಳನ್ನು ಮೊಮ್ಮಕ್ಕಳು ದಾರಿಯುದ್ದಕ್ಕೂ ಕೆಂಪು ಮೇಲಾಗಿ ತಿರುಗಿಸುತ್ತ ಬಂದರು. ಮಳೆ ಬಂದರೆ ಏನಾಗುತ್ತದೆಂಬುದನ್ನು ಮಗ ಆಗ ವರ್ಣಿಸಿದ. ಮನೆಯ ಹಿಂದಿನ ಒಣಹಳ್ಳದ ನೆಲದಡಿಯಲ್ಲಿ ಕಪ್ಪೆಗಳು ಮಲಗಿವೆಯಂತೆ. ಹಿಂಗಾಲಿನ ಗುದ್ದಲಿಯಿಂದ ಮಣ್ಣು ತೋಡಿ ಒಳಗಿಳಿದು ಎಂಟು ಹತ್ತು ತಿಂಗಳು ಅಲುಗದೆ ಇರುವುವಂತೆ. ಗುಡುಗಿನ ನಡುಕ ನೆಲಕ್ಕೆ ತಟ್ಟಿದ ರಾತ್ರಿ ಒಮ್ಮೆಗೇ ಮೇಲೆದ್ದು, ಹೊಂಡದ ನೀರಿನಲ್ಲಿ ಕೂಗಿ ಕೂಡಿ ಮೊಟ್ಟೆಯಿಡುವುವಂತೆ. ಹೊಂಡ ಒಣಗುವುದರೊಳಗೆ, ಒಂಬತ್ತು ಹತ್ತು ದಿನಗಳಲ್ಲಿ, ಮೊಟ್ಟೆ ಮರಿಯಾಗಿ ಮರಿ ಕಪ್ಪೆಯಾಗಬೇಕಂತೆ. ಇಷ್ಟನ್ನೂ ಅವನು ಓದಿ ತಿಳಿದದ್ದು. ಬಾಗಿಲು ಮುಚ್ಚಿ ಯಂತ್ರದ ತಂಪಿನಲ್ಲಿ ಮಲಗುವವನಿಗೆ ಆ ಕೂಗು ಕೇಳಿಸಿದ್ದಿಲ್ಲ. ನನ್ನಾಕೆ ದಿನವೂ ಹಳ್ಳ ದಾಟುವಾಗ, ಮಲಗಿದ ಮಕ್ಕಳ ನಡುವೆ ನಡೆಯುವವಳಂತೆ, ಹೆಜ್ಜೆ ಹಗುರ ಮಾಡುತ್ತಿದ್ದಳು.

ಆ ವರ್ಷ ಮಳೆ ಕೈಕೊಟ್ಟಿತು. ಮೋಡ ಕಟ್ಟುವುದು, ಕ್ರಿಯೋಸೋಟ್ ಪೊದೆಗಳಿಂದ ಮಳೆಯ ವಾಸನೆ ಒಂದು ಗಳಿಗೆ ಬೀಸುವುದು, ಗಾಳಿ ಎದ್ದು ಎಲ್ಲವನ್ನೂ ಹೊತ್ತುಕೊಂಡು ಹೋಗುವುದು, ಇಷ್ಟೇ. ಆಗಸ್ಟಿನಲ್ಲಿ ನಮಗೆ ವಿಮಾನದಲ್ಲಿ ಸ್ಥಳ ದೊರೆಯಿತು. ಹೊರಡುವ ದಿನ ಮೊಮ್ಮಗಳು ಸವಾರೋ ಮರಿಯನ್ನು ಕೊನೆಯ ಸಲ ಅಳೆದು ತೋರಿಸಿ, ಕಪ್ಪೆ ಎದ್ದರೆ ಫೋನು ಮಾಡುತ್ತೇನೆ ತಾತಾ ಎಂದಳು. ಮಕ್ಕಳ ಮಾತು, ನಾನು ಮರೆತೆ.

ಮರುವರ್ಷ, 2021ರ ಜುಲೈ. ಟೂಸಾನಿನಲ್ಲಿ ಆ ಒಂದು ತಿಂಗಳಲ್ಲಿ ಎಂಟು ಅಂಗುಲಕ್ಕೂ ಮೀರಿ ಮಳೆ ಸುರಿಯಿತು; ಆ ನಗರದ ದಾಖಲೆಯಲ್ಲಿಯೇ ಅಷ್ಟು ಮಳೆಯ ತಿಂಗಳು ಮತ್ತೊಂದಿಲ್ಲ. ಇಲ್ಲಿ ಚಳ್ಳಕೆರೆಯಲ್ಲಿ ಬೆಳಗಿನ ಎಂಟೂವರೆ. ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದಿದ್ದೆ, ನನ್ನಾಕೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದಳು. ಫೋನು ಬಂದಿತು. ಮೊಮ್ಮಗಳು ಏನೂ ಮಾತಾಡಲಿಲ್ಲ. ಹಿತ್ತಲ ಬಾಗಿಲು ತೆರೆದು ಫೋನನ್ನು ಕತ್ತಲೆಗೆ ಚಾಚಿ ಹಿಡಿದಿದ್ದಳೆಂದು ತೋರುತ್ತದೆ. ಮೊದಲು ನೀರು ಹರಿಯುವ ಸದ್ದು; ಅದರ ಮೇಲೆ, ಒಂದಲ್ಲ ಎರಡಲ್ಲ, ನೂರಾರು ಕೊರಳು, ಎಳೆದೆಳೆದು ಬ್ಯಾ ಬ್ಯಾ ಎಂದು ಅರಚುವ ದನಿ. ಕೇಳಲೆಂದು ನಾನು ಗಟ್ಟಿ ದನಿಯ ಗುಂಡಿಯನ್ನು ಒತ್ತಿದೆ.

ಅಡುಗೆಮನೆಯಲ್ಲಿ ಸೌಟು ಬಿದ್ದ ಶಬ್ದವಾಯಿತು. ನನ್ನಾಕೆ ಕೋಲು ಹಿಡಿದು ಹಿಂಬಾಗಿಲಿಗೆ ಓಡುತ್ತ ಕೂಗಿದಳು: “ರೀ, ಹಿತ್ಲಾಗೆ ಯಾರ ಕುರಿ ನುಗ್ಗಿರೋದು ನೋಡ್ರೀ!”